ಚೆಂಡಾಟದ ಅಂಗಳ ಮತ್ತು ನಮ್ಮ ತೆಂಗಿನ ನಾರು

(ತಿಪಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಪರಿಸರದ ಬಗ್ಗೆ ಮಾತಾಡಿ ಎಂದು ಕೇಳಿದಾಗ ಕೆರೆಯ ಹೂಳು, ಬತ್ತಿದ ಕೊಳವೆಬಾವಿ, ಚಿಕ್ಕನಾಯಕನಹಳ್ಳಿ ಕಡೆಯ ಗಣಿಗಳ ವಿಷಯ ಬರುತ್ತದೆಂದು ಸಂಘಟಕರು ಎಣಿಸಿರಬಹುದು. ನಾನು ಫುಟ್‌ಬಾಲ್ ಕ್ಲಬ್ಬುಗಳ ವಿಷಯ ಎತ್ತಿಕೊಂಡಿದ್ದೇನೆ. ನಮ್ಮ ಸೀಮೆಯ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ನಡೆದಷ್ಟು ಫುಟ್‌ಬಾಲ್ ನಡೆಯುವುದಿಲ್ಲ, ನಿಜ. ಆದರೆ ಈ ಆಟದ ಅಂಗಳದ ಬಗ್ಗೆ ಯುರೋಪಿನಲ್ಲಿ ಈಗ ನಡೆಯುತ್ತಿರುವ ಒಂದು ವಿಚಾರ ನೇರವಾಗಿ ನಮ್ಮ ತೋಟಕ್ಕೆ ಬಂದು ಮುಟ್ಟುತ್ತದೆ. ಕಾಯಿ ಸುಲಿದ ಮೇಲೆ ನಾವು ಅಂಗಳದ ಮೂಲೆಗೆ ಎಸೆಯುವ ಮಟ್ಟೆಗೆ ಅಲ್ಲೊಂದು ಕೆಲಸ ಕಾದಿದೆ. ಆ ಕೆಲಸ ಏನು, ಅದನ್ನು ನಾವು ಎಷ್ಟರ ಮಟ್ಟಿಗೆ ವಹಿಸಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎನ್ನುವುದೇ ಇವತ್ತಿನ ಮಾತು.

ಕೃತಕ ಹುಲ್ಲಿನ ಅಂಗಳವನ್ನು ಬೆಂಗಳೂರಿನಲ್ಲಿ ಓದುವ ನಮ್ಮ ಮಕ್ಕಳು ಚೆನ್ನಾಗಿ ಬಲ್ಲರು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ರಾತ್ರಿ ದೀಪದ ಬೆಳಕಿನಲ್ಲಿ ಆಡುವ 'ಟರ್ಫ್' ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಆಡಿ ಬಂದವರು ಬೂಟು ಬಿಚ್ಚಿ ಕೊಡವಿದರೆ ರಾಗಿಗಿಂತ ತುಸು ದಪ್ಪನೆಯ ಕಪ್ಪು ಕಾಳು ಉದುರುತ್ತದೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಮೂಸಿದರೆ ಪಂಕ್ಚರ್ ಅಂಗಡಿಯ ವಾಸನೆ. ಅದು ಹಳೆಯ ಲಾರಿ, ಕಾರುಗಳ ಟೈರನ್ನು ಅರೆದು ಮಾಡಿದ ಪುಡಿ. ಪ್ಲಾಸ್ಟಿಕ್ಕಿನ ಹುಲ್ಲು ಒರಗದೆ ನೆಟ್ಟಗೆ ನಿಲ್ಲಲಿ, ಬಿದ್ದವರ ಮಂಡಿಗೆ ಪೆಟ್ಟಾಗದಿರಲಿ, ಚೆಂಡು ಹದವಾಗಿ ಪುಟಿಯಲಿ ಎಂದು ಹುಲ್ಲಿನ ಬುಡಕ್ಕೆ ಮೊದಲು ಮರಳು, ಅದರ ಮೇಲೆ ಈ ಪುಡಿಯನ್ನು ತುಂಬುತ್ತಾರೆ. ಪೂರ್ಣ ಅಳತೆಯ ಒಂದು ಅಂಗಳಕ್ಕೆ ಸುಮಾರು 100 ಟನ್ ಬೇಕು. ಬಳಸುತ್ತಾ ಬಳಸುತ್ತಾ ಅದು ಕಡಿಮೆಯಾಗುತ್ತದೆ. ಬೂಟಿನಲ್ಲಿ ಸೇರಿ ಮನೆಗೆ ಹೋಗುತ್ತದೆ, ಮಳೆಯಲ್ಲಿ ಕೊಚ್ಚಿ ಚರಂಡಿ ಸೇರುತ್ತದೆ. ಹಾಗಾಗಿ ವರ್ಷವರ್ಷವೂ ಹೊಸದನ್ನು ತಂದು ಸುರಿಯಬೇಕು.

ಕೊಚ್ಚಿಹೋದದ್ದು ಎಲ್ಲಿ ಸೇರಿತು ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಟೈರಿನ ಪುಡಿಯನ್ನು ಅಂಗಳಕ್ಕೆ ತಂದವರೂ ಅದನ್ನು ಪರಿಸರದ ಕೆಲಸವೆಂದೇ ನಂಬಿದ್ದರು. ರಾಶಿ ಬಿದ್ದಿದ್ದ ಹಳೆಯ ಟೈರುಗಳಿಗೆ ಒಂದು ಗತಿ ಕಾಣಿಸಿದೆವು, ಹುಲ್ಲಿಗೆ ಹಾಯಿಸುವ ನೀರು ಉಳಿಸಿದೆವು, ಔಷಧಿ ಹೊಡೆಯುವುದು ತಪ್ಪಿತು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಸುಳ್ಳಿಲ್ಲ. ಕೊಚ್ಚಿಹೋಗುವ ಪುಡಿ ಮಾತ್ರ ಅದರಲ್ಲಿ ಸೇರಿರಲಿಲ್ಲ. ಯುರೋಪಿನ ರಾಸಾಯನಿಕ ಸಂಸ್ಥೆ ಇಂಥ ಅಂಗಳಗಳಿಂದ ವರ್ಷಕ್ಕೆ ಸುಮಾರು 16,000 ಟನ್ ಸೂಕ್ಷ್ಮ ಪ್ಲಾಸ್ಟಿಕ್ ನೆಲ ನೀರಿಗೆ ಸೇರುತ್ತಿದೆ ಎಂದು ಅಂದಾಜು ಮಾಡಿತು. ಟೈರಿನ ರಬ್ಬರು ಬೇಗ ಬಿರಿಯದಂತೆ ಬೆರೆಸುವ ಒಂದು ರಾಸಾಯನಿಕ ಗಾಳಿಯಲ್ಲಿ ಮಾರ್ಪಟ್ಟು ಹೊಳೆಗೆ ಇಳಿದಾಗ ಸಾಲ್ಮನ್ ಜಾತಿಯ ಮೀನುಗಳನ್ನು ಕೊಲ್ಲುತ್ತದೆ ಎಂಬುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಜ್ಞಾನಿಗಳು 2020ರ ಕೊನೆಯಲ್ಲಿ ತೋರಿಸಿದರು. ಅವರು ನೋಡಿದ್ದು ರಸ್ತೆಯ ಮೇಲೆ ಸವೆದ ಟೈರಿನ ಪುಡಿಯನ್ನು. ಆದರೆ ಅಂಗಳದಲ್ಲಿ ಹರಡುವುದೂ ಟೈರೇ ತಾನೆ?

ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ನಿಯಮ ಹೊರಡಿಸಿತು. 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್, ರಬ್ಬರ್ ಕಾಳುಗಳನ್ನು ಬೇಕೆಂದೇ ಬೆರೆಸಿ ಮಾರುವುದಕ್ಕೆ ಅದು ಕಡಿವಾಣ. ಆಟದ ಅಂಗಳಗಳಿಗೆ 8 ವರ್ಷದ ಅವಕಾಶ ಕೊಟ್ಟಿದ್ದಾರೆ. 2031ರ ಅಕ್ಟೋಬರ್ 17ರ ನಂತರ ಅಂಗಳಕ್ಕೆಂದು ಟೈರ್ ಪುಡಿಯನ್ನು ಅಲ್ಲಿ ಮಾರುವಂತಿಲ್ಲ. ಯುರೋಪಿನಲ್ಲಿ ಇಂಥ ಅಂಗಳಗಳು ಸಾವಿರಾರು ಇವೆ. ದೊಡ್ಡ ಕ್ಲಬ್ಬುಗಳ ಅಭ್ಯಾಸದ ಅಂಗಳ, ಊರೂರಿನ ಸಣ್ಣ ಕ್ಲಬ್ಬುಗಳ ಅಂಗಳ, ಶಾಲೆಗಳ ಅಂಗಳ ಎಲ್ಲವೂ ಬೇರೆ ದಾರಿ ಹುಡುಕಲೇಬೇಕು.

ಕೆಲವರು ಕೃತಕ ಹುಲ್ಲನ್ನೇ ಬಿಡುತ್ತಿದ್ದಾರೆ. ನೆದರ್ಲೆಂಡ್ಸಿನ ಮೇಲಿನ ದರ್ಜೆಯ ಲೀಗು 2025-26ರಿಂದ ಅದನ್ನು ನಿಲ್ಲಿಸಿತು, ಸ್ಕಾಟ್ಲೆಂಡಿನ ಕ್ಲಬ್ಬುಗಳೂ ಅಂಥದೇ ತೀರ್ಮಾನ ಮಾಡಿವೆ. ಅಲ್ಲಿ ಆಟಗಾರರ ದೂರು ಮುಖ್ಯ ಕಾರಣ. ಬಿಡಲಾಗದವರು ಪುಡಿಯನ್ನು ಬದಲಾಯಿಸಬೇಕು. ಬದಲಿಗೆ ಬಂದಿರುವ ವಸ್ತುಗಳಲ್ಲಿ ಒಂದು ಕಾರ್ಕ್, ಪೋರ್ಚುಗಲ್ ಕಡೆಯ ಒಂದು ಮರದ ತೊಗಟೆ. ಇನ್ನೊಂದು ತೆಂಗಿನ ನಾರು. ಸಣ್ಣಗೆ ಕತ್ತರಿಸಿದ ನಾರು, ನಾರಿನ ಪುಡಿ, ಕಾರ್ಕ್ ಇವನ್ನು ಬೆರೆಸಿ ಹುಲ್ಲಿನ ಬುಡಕ್ಕೆ ತುಂಬುವ ಪದ್ಧತಿ ಇಟಲಿ ಮೊದಲಾದ ಕಡೆ ಹಲವು ವರ್ಷಗಳಿಂದ ನಡೆದಿದೆ.

ಅದು ಕೆಲಸ ಮಾಡುವ ಬಗೆ ನಮ್ಮ ರೈತರಿಗೆ ಹೊಸದಲ್ಲ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಶೇ. 40ಕ್ಕೂ ಹೆಚ್ಚು. ಹಾಗಾಗಿ ಹತ್ತಿಯ ಹಾಗೆ, ಸೆಣಬಿನ ಹಾಗೆ ಬೇಗ ಕೊಳೆಯುವುದಿಲ್ಲ. ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರಿ ಇಟ್ಟುಕೊಳ್ಳುತ್ತದೆ. ಬಿಸಿಲೇರಿದಾಗ ಆ ನೀರು ಆವಿಯಾಗಿ ಅಂಗಳ ತಣ್ಣಗಾಗುತ್ತದೆ. ಟೈರ್ ಪುಡಿಯ ಅಂಗಳ ಬಿಸಿಲಲ್ಲಿ 60 ಡಿಗ್ರಿ ದಾಟುವುದುಂಟು, ಬರಿಗಾಲಿಡುವ ಮಾತೇ ಇಲ್ಲ. ನಾರಿನ ಅಂಗಳಕ್ಕೆ ಆ ಕಾವಿಲ್ಲ. ಕೊಚ್ಚಿಹೋದರೂ ಮಣ್ಣಿಗೆ ಮಣ್ಣಾಗುತ್ತದೆ. ಇದರ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಪೂರ್ತಿ ಒಣಗಲು ಬಿಟ್ಟರೆ ಧೂಳೇಳುತ್ತದೆ, ಆದ್ದರಿಂದ ಆಗಾಗ ನೀರು ಚಿಮುಕಿಸಬೇಕು. ಜೋರು ಮಳೆಗೆ ತೇಲುತ್ತದೆ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟುತ್ತದೆ. ಸವೆದು ಸಣ್ಣಗಾದಂತೆ ಮತ್ತೆ ತುಂಬಬೇಕು. ಪ್ಲಾಸ್ಟಿಕ್ಕಿನ ಹುಲ್ಲಂತೂ ಹಾಗೇ ಉಳಿಯುತ್ತದೆ. ಹಾಗಾಗಿ ನಾರು ತುಂಬಿದ ಅಂಗಳವನ್ನು ಪೂರ್ತಿ ಹಸಿರು ಎಂದು ನಾನು ಕರೆಯಲಾರೆ. ಇರುವ ಕೆಡುಕನ್ನು ಬಹಳಷ್ಟು ತಗ್ಗಿಸುವ ದಾರಿ ಅದು.

ಈಗ ನಮ್ಮ ಕಡೆಗೆ ಬರೋಣ. ತಿಪಟೂರಿನ ಹೆಸರು ದೇಶಕ್ಕೆಲ್ಲ ಗೊತ್ತಿರುವುದು ಉಂಡೆ ಕೊಬ್ಬರಿಯಿಂದ. ಬಲಿತ ಕಾಯನ್ನು ಇಳಿಸಿ ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನುವ ಹೊತ್ತಿಗೆ ಮಟ್ಟೆಯೂ ಬಣಬಣ ಒಣಗಿರುತ್ತದೆ. ಕೊಬ್ಬರಿಗೆ ಎಪಿಎಂಸಿಯಲ್ಲಿ ಹರಾಜಿದೆ, ಕೇಂದ್ರದ ಬೆಂಬಲ ಬೆಲೆಯಿದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ, 2025ಕ್ಕೆ 12,100. ಬೆಲೆ ಕುಸಿದಾಗ ರಸ್ತೆಗಿಳಿದು ಹೋರಾಡುವ ಸಂಘಟನೆಯೂ ನಮ್ಮಲ್ಲಿದೆ. ಚಿಪ್ಪು ಇದ್ದಿಲಾಗಲು ಹೋಗುತ್ತದೆ. ಮಟ್ಟೆಗೆ ಮಾತ್ರ ಹರಾಜೂ ಇಲ್ಲ, ಬೆಂಬಲವೂ ಇಲ್ಲ, ಅದಕ್ಕಾಗಿ ಕೂಗುವವರೂ ಇಲ್ಲ. ಟ್ರ್ಯಾಕ್ಟರಿನವನು ಹೇಳಿದ್ದೇ ದರ. ಒಂದಷ್ಟು ನೀರೊಲೆಗೆ, ಒಂದಷ್ಟು ಇಟ್ಟಿಗೆ ಗೂಡಿಗೆ, ಉಳಿದದ್ದು ನಾರಿನ ಕಾರ್ಖಾನೆಗೆ.

ನಾರಿನ ಕಾರ್ಖಾನೆಯ ಒಳಗೆ ಹೋಗದೆ ಹೊರಗಿನಿಂದ ನೋಡಿದವರೇ ನಮ್ಮಲ್ಲಿ ಹೆಚ್ಚು. ಒಮ್ಮೆ ನಿಂತು ನೋಡಬೇಕು. ನಮ್ಮ ಮಟ್ಟೆ ಒಣಗಿದ್ದರಿಂದ ಮೊದಲು ನೀರು ಹೊಡೆದು ನೆನೆಸುತ್ತಾರೆ. ಮೆತ್ತಗಾದ ಮಟ್ಟೆಯನ್ನು ಕೈಯಲ್ಲಿ ಎತ್ತಿ ಯಂತ್ರದ ಬಾಯಿಗೆ ಕೊಡುತ್ತಾರೆ. ಒಳಗೆ ಮೊಳೆ ಹೊಡೆದ ಉರುಳೆ ಸುತ್ತುತ್ತದೆ, ಮಟ್ಟೆ ಚಿಂದಿಯಾಗಿ ನಾರು ಒಂದು ಕಡೆ, ಪುಡಿ ಒಂದು ಕಡೆ. ನಾರನ್ನು ಜರಡಿಯ ಉರುಳೆಯಲ್ಲಿ ಇನ್ನೊಮ್ಮೆ ಕೊಡವಿ ಕಣದಲ್ಲಿ ಹರಡುತ್ತಾರೆ. ಹರಡುವ, ತಿರುವಿ ಹಾಕುವ, ಕಟ್ಟು ಕಟ್ಟುವ ಕೆಲಸ ಬಹುಪಾಲು ಹೆಂಗಸರದು. ಸೆರಗನ್ನೋ ಟವೆಲನ್ನೋ ಮೂಗಿಗೆ ಬಿಗಿದು ಕಟ್ಟಿಕೊಂಡಿರುತ್ತಾರೆ, ಹುಬ್ಬು, ಕಣ್ಣೆವೆ, ಕೂದಲಿನ ತುಂಬ ಕಂದು ಧೂಳು. ಆ ಕಾರ್ಖಾನೆಗಳಿಂದ ಹೊರಡುವ ನಾರು ಹಾಸಿಗೆಗೆ, ಹಗ್ಗಕ್ಕೆ, ಕಾಲೊರೆಸುವ ಚಾಪೆಗೆ ಹೋಗುತ್ತದೆ.

ಕಷ್ಟ ಇರುವುದು ಪುಡಿಯಲ್ಲಿ. ಒಂದು ಮಟ್ಟೆಯಲ್ಲಿ ನಾರಿಗಿಂತ ಪುಡಿಯೇ ಹೆಚ್ಚು, ಹತ್ತಿರ ಹತ್ತಿರ ಎರಡರಷ್ಟು. ಕೊಳ್ಳುವವರು ಬರದಿದ್ದರೆ ಅದು ಕಾರ್ಖಾನೆಯ ಹಿಂದೆ ಗುಡ್ಡವಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಕಿಡಿ ತಾಗಿದರೆ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಮಳೆ ಬಿದ್ದರೆ ಅದರಿಂದ ಇಳಿಯುವ ಒಗರು ನೀರು ಚಹಾ ಬಣ್ಣಕ್ಕೆ ತಿರುಗಿ ಹಳ್ಳ, ಕೆರೆ ಸೇರುತ್ತದೆ. ಒಂದು ದೇಶದ ಅಂಗಳಕ್ಕೆ ಔಷಧಿಯಾಗಬಹುದಾದ ವಸ್ತು ನಮ್ಮಲ್ಲಿ ಕಾಯಿಲೆಯಾಗಿ ಕೂತಿದೆ. ನನಗೆ ಈ ವಿಷಯ ಹಿಡಿದದ್ದು ಇದೇ ಕಾರಣಕ್ಕೆ.

ಕ್ಲಬ್ಬುಗಳ ಕಡೆಯ ಕಥೆಯನ್ನೂ ಹೇಳಬೇಕು. ಇಂಗ್ಲೆಂಡಿನ ನೇಲ್ಸ್‌ವರ್ತ್ ಎಂಬ ಊರು ನಮ್ಮ ತುರುವೇಕೆರೆ ಪಟ್ಟಣಕ್ಕಿಂತ ಚಿಕ್ಕದು. ಅಲ್ಲಿ 1889ರಲ್ಲಿ ಹುಟ್ಟಿದ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ಕ್ಲಬ್ಬಿದೆ. 2010ರಲ್ಲಿ ಅದು ಮುಳುಗುವ ಸ್ಥಿತಿಯಲ್ಲಿದ್ದಾಗ ಗಾಳಿ ವಿದ್ಯುತ್ತಿನ ಉದ್ಯಮಿ ಡೇಲ್ ವಿನ್ಸ್ ವಹಿಸಿಕೊಂಡರು. ಚಾವಣಿಗೆ ಸೌರಫಲಕ ಹಾಕಿದರು. ಅಂಗಳದ ಹುಲ್ಲಿಗೆ ರಾಸಾಯನಿಕ ಗೊಬ್ಬರ, ಕೀಟನಾಶಕ ನಿಲ್ಲಿಸಿದರು, ಅಂಗಳದ ಮೇಲೆ ಬಿದ್ದ ಮಳೆ ನೀರನ್ನು ಹಿಡಿದು ಅದೇ ಹುಲ್ಲಿಗೆ ಹಾಯಿಸಿದರು. 2015ರಲ್ಲಿ ಕ್ರೀಡಾಂಗಣದ ಊಟವನ್ನು ಪೂರ್ತಿ ಸಸ್ಯಾಹಾರ ಮಾಡಿದರು, ಹಾಲೂ ಇಲ್ಲ. ಆಟಗಾರರ ಅಂಗಿಗೆ ಬಿದಿರಿನ ನೂಲು ಬಳಸಿದರು, ಆಮೇಲೆ ಕಾಫಿ ಚರಟ ಬೆರೆಸಿಯೂ ನೋಡಿದರು. 2018ರಲ್ಲಿ ವಿಶ್ವಸಂಸ್ಥೆಯ ಮನ್ನಣೆ ಸಿಕ್ಕಿತು. ಆಟದಲ್ಲಿ ಮೇಲೇರಿ 2022ರಲ್ಲಿ ಮೂರನೆಯ ದರ್ಜೆಗೆ ಬಂದು, ಮತ್ತೆರಡು ವರ್ಷಕ್ಕೆ ಎರಡು ಮೆಟ್ಟಿಲು ಕೆಳಗಿಳಿದರು. ಸೋತರೂ ಅಂಗಳಕ್ಕೆ ವಿಷ ಹೊಡೆಯಲಿಲ್ಲ. ನಾನು ಈ ಕ್ಲಬ್ಬನ್ನು ಗೌರವಿಸುವುದು ಅದಕ್ಕೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ನಮ್ಮ ಮೂರೂ ತಾಲ್ಲೂಕು ಕೇಂದ್ರಗಳಿಗಿಂತ ಸಣ್ಣ ಊರೊಂದು ಈ ಕೆಲಸ ಮಾಡಿ ತೋರಿಸಿತು ಎನ್ನುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ದೊಡ್ಡವರ ಮಾತು ಎಲ್ಲವೂ ಹೀಗೆ ನಿಲ್ಲುವುದಿಲ್ಲ. 2022ರ ಕತಾರ್ ವಿಶ್ವಕಪ್ಪನ್ನು ಇಂಗಾಲದ ಹೊರೆಯಿಲ್ಲದ ಪಂದ್ಯಾವಳಿ ಎಂದು ಫಿಫಾ ಸಾರಿತ್ತು. ಆ ಮಾತಿಗೆ ಆಧಾರ ಸಾಲದು, ಜನರನ್ನು ದಾರಿ ತಪ್ಪಿಸುತ್ತದೆ ಎಂದು ಸ್ವಿಟ್ಜರ್ಲೆಂಡಿನ ಜಾಹೀರಾತು ನಿಗಾ ಆಯೋಗ 2023ರ ಜೂನಿನಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ ಆಟವನ್ನು ಹಸಿರಾಗಿಸುವ ಪ್ರಯತ್ನ ಫುಟ್‌ಬಾಲಿಗಿಂತ ಕ್ರಿಕೆಟ್ಟಿನಲ್ಲೇ ಹೆಚ್ಚು ಕಂಡಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಚಾವಣಿಯ ಮೇಲೆ 2015ರಿಂದ 400 ಕಿಲೋವಾಟ್ ಸೌರ ವಿದ್ಯುತ್ ಘಟಕವಿದೆ. ಆರ್‌ಸಿಬಿ 2011ರಿಂದ ಹಸಿರು ಅಂಗಿಯ ಪಂದ್ಯ ಆಡುತ್ತಿದೆ, ಬೆಂಗಳೂರಿನ ಹೊರವಲಯದ ಕೆರೆಗಳ ಕೆಲಸಕ್ಕೂ ಕೈ ಹಾಕಿದೆ. ಅಂಗಿಗಿಂತ ಕೆರೆಯ ಕೆಲಸ ದೊಡ್ಡದೆಂದು ನನ್ನ ಎಣಿಕೆ.

ನಮ್ಮ ರಾಜ್ಯದ ಫುಟ್‌ಬಾಲಿಗೂ ಇರುವುದು ಸಣ್ಣ ಚರಿತ್ರೆಯೇನಲ್ಲ. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937, 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, 54 ವರ್ಷಗಳ ನಂತರ 2023ರಲ್ಲಿ ರಿಯಾದಿನಲ್ಲಿ ಕರ್ನಾಟಕ ಅದನ್ನು ಮತ್ತೆ ತಂದಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ತವರಿನ ಪಂದ್ಯಗಳನ್ನು ಆಡಿದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಕೃತಕ ಹುಲ್ಲಿನ ಮೇಲೆ. ಆಮೇಲೆ ಕಂಠೀರವಕ್ಕೆ ಹೋಯಿತು. ತಿಪಟೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವ ದೂರದಲ್ಲಿ ಕೃತಕ ಹುಲ್ಲಿನ ಅಂಗಳಗಳಿವೆ. ನಮ್ಮ ನಾರು ಯುರೋಪಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಲಿ ಎನ್ನುವುದು ನನ್ನ ಆಸೆ.

ಇಷ್ಟು ಕೇಳಿದ ಮೇಲೆ 'ಹಾಗಾದರೆ ನಮ್ಮ ತಾಲ್ಲೂಕು ಕ್ರೀಡಾಂಗಣಕ್ಕೂ ಹುಲ್ಲು ಹಾಕಿಸೋಣ' ಎಂದು ಯಾರಾದರೂ ಎದ್ದು ನಿಲ್ಲಬಹುದು. ಅದಕ್ಕೆ ಮೊದಲೇ ಎಚ್ಚರಿಕೆಯಾಗಿ ಒಂದು ಲೆಕ್ಕ ಒಪ್ಪಿಸುತ್ತೇನೆ. ಫುಟ್‌ಬಾಲ್ ಅಂಗಳದ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಬೇಸಿಗೆಯಲ್ಲಿ ನಿಜವಾದ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ 35,700 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ತೆಂಗಿನ ಮರಕ್ಕೆ ದಿನಕ್ಕೆ 60 ಲೀಟರ್ ಎಂದಿಟ್ಟುಕೊಂಡರೆ ಇದು ಸುಮಾರು 600 ಮರದ ನೀರು. 30 ಅಡಿ ಅಂತರದ ನಾಟಿಯಲ್ಲಿ ಎಕರೆಗೆ 48 ಮರ. ಹಾಗಾಗಿ ಒಂದು ಅಂಗಳ ಎಂದರೆ ಹನ್ನೆರಡು ಎಕರೆಗೂ ಮೀರಿದ ತೋಟ. ಹೇಮಾವತಿ ನಾಲೆಯಲ್ಲಿ ನೀರು ಬಂತೋ ಇಲ್ಲವೋ ಎಂದು ಕಾಯುವ, ಬೋರ್‌ವೆಲ್ಲು ಸಾವಿರ ಅಡಿ ಮುಟ್ಟಿದ ಸೀಮೆಯಲ್ಲಿ ಒಂದು ಆಟದ ಹುಲ್ಲಿಗೆ ಇಷ್ಟು ನೀರು ಕೊಡಿ ಎಂದು ನಾನು ಕೇಳಲಾರೆ. ಪ್ಲಾಸ್ಟಿಕ್ ಹುಲ್ಲನ್ನೂ ಕೇಳಲಾರೆ. ಹತ್ತು ಹನ್ನೆರಡು ವರ್ಷಕ್ಕೆ ಅದು ಹರಿದಾಗ ಆ ಜಮಖಾನವನ್ನು ಎಲ್ಲಿ ಹೂಳುತ್ತೀರಿ? ನಮ್ಮ ಕೆಮ್ಮಣ್ಣಿನ ಮೈದಾನವೇ ನಮಗೆ ಸರಿ. ಅದನ್ನು ಅಗೆದು, ಚೆನ್ನಾಗಿ ಕಳಿತ ನಾರಿನ ಪುಡಿಯನ್ನು ಮಣ್ಣಿಗೆ ಬೆರೆಸಿ ಸಮ ಮಾಡಿದರೆ ನೆಲ ಮೆತ್ತಗಾಗುತ್ತದೆ, ಮಳೆಗಾಲದ ತೇವ ಹೆಚ್ಚು ದಿನ ನಿಲ್ಲುತ್ತದೆ, ಗರಿಕೆ ತಾನಾಗಿ ಹಬ್ಬುತ್ತದೆ. ಮೈದಾನದ ಇಳಿಜಾರು ಕೊಚ್ಚದಂತೆ ನಾರಿನ ಬಲೆ ಹಾಸಬಹುದು. ಇಷ್ಟಕ್ಕೆ ಕೋಟಿ ಬೇಕಿಲ್ಲ.

ಎರಡನೆಯ ಎಚ್ಚರಿಕೆ ಮಟ್ಟೆಯ ಬಗ್ಗೆಯೇ. ಒಳ್ಳೆಯ ಬೆಲೆ ಬಂತೆಂದು ಎಲ್ಲ ಮಟ್ಟೆಯನ್ನೂ ಮಾರಿಬಿಟ್ಟರೆ ತೋಟ ಬಡವಾಗುತ್ತದೆ. ಮರದ ಸುತ್ತ ಕಾಲುವೆ ತೆಗೆದು ಮಟ್ಟೆಯನ್ನು ಒಳಭಾಗ ಮೇಲೆ ಬರುವಂತೆ ಪದರಪದರವಾಗಿ ಜೋಡಿಸಿ ಮಣ್ಣು ಮುಚ್ಚುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಕ್ರಮ. ಕೃಷಿ ವಿಜ್ಞಾನಿಗಳೂ ಅದನ್ನೇ ಹೇಳುತ್ತಾರೆ. ಹಾಗೆ ಹೂತ ಮಟ್ಟೆ ಐದಾರು ವರ್ಷ ನೀರು ಹಿಡಿದುಕೊಡುತ್ತದೆ, ಪೊಟ್ಯಾಷ್ ಮಣ್ಣಿಗೆ ಮರಳುತ್ತದೆ. ನುಸಿ ಬಂದು ಕಾಯಿ ಸಣ್ಣದಾದ, ರಸ ಸೋರುವ ರೋಗ, ಅಣಬೆ ರೋಗಕ್ಕೆ ಮರ ಕಳೆದುಕೊಂಡ ತೋಟಗಳಿಗೆ ಈ ತೇವ, ಈ ಗೊಬ್ಬರ ಮೊದಲು ಬೇಕು. ತೋಟದ ಪಾಲು ತೋಟಕ್ಕೆ ಕೊಟ್ಟು, ನೀರೊಲೆಗೂ ಇಟ್ಟಿಗೆ ಗೂಡಿಗೂ ಹೋಗಿ ಹೊಗೆಯಾಗುವ ಪಾಲನ್ನು ಅಂಗಳಕ್ಕೆ ಕಳಿಸೋಣ. ವಿದೇಶದ ಕ್ಲಬ್ಬೊಂದು ಹಸಿರಾಗಲು ನಮ್ಮ ತೋಟ ಒಣಗಬಾರದು.

ಇನ್ನು ಆಗಬೇಕಾದ ಕೆಲಸ. ಅಂಗಳಕ್ಕೆ ಹೋಗುವ ನಾರು ಹಾಸಿಗೆಗೆ ಹೋಗುವ ನಾರಿನ ಹಾಗಲ್ಲ. ಒಂದೇ ಅಳತೆಗೆ ಕತ್ತರಿಸಿರಬೇಕು, ಧೂಳು ತೆಗೆದಿರಬೇಕು, ಉಪ್ಪಿನಂಶ ತೊಳೆದಿರಬೇಕು, ಬೂಷ್ಟು ಹಿಡಿಯದಷ್ಟು ಒಣಗಿರಬೇಕು. ಅದನ್ನು ತುಂಬಿದ ಅಂಗಳದಲ್ಲಿ ಚೆಂಡಿನ ಪುಟಿತ, ಬಿದ್ದವರ ಪೆಟ್ಟನ್ನು ನೆಲ ಹೀರುವ ಗುಣ, ಬೂಟಿನ ಹಿಡಿತ ಇವನ್ನೆಲ್ಲ ಫಿಫಾ ಒಪ್ಪಿದ ಪ್ರಯೋಗಾಲಯಗಳು ಅಳೆಯುತ್ತವೆ. ಇಷ್ಟನ್ನು ಒಬ್ಬ ಕಾರ್ಖಾನೆಯವರು ಒಂಟಿಯಾಗಿ ಮಾಡಲಾರರು. ಆದರೆ ಆಸರೆಗಳಿವೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ನಾರು ಮಂಡಳಿ 1953ರ ಕಾಯ್ದೆಯಿಂದ ಬಂದದ್ದು, ಅದರ ತಾಂತ್ರಿಕ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲೇ ಇದೆ. ರಾಜ್ಯಕ್ಕೆ ತನ್ನದೇ ತೆಂಗಿನ ನಾರು ಅಭಿವೃದ್ಧಿ ನಿಗಮವಿದೆ. ತಿಪಟೂರಿನ ಮಗ್ಗುಲಲ್ಲೇ ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಗುಡ್ಡ ಬಿದ್ದ ಪುಡಿಯನ್ನು ಅಣಬೆಯ ಬೀಜದಿಂದ 30 ದಿನಗಳಲ್ಲಿ ಗೊಬ್ಬರ ಮಾಡುವ 'ಪಿತ್‌ಪ್ಲಸ್' ವಿಧಾನವನ್ನು ನಾರು ಮಂಡಳಿಯೇ ರೂಪಿಸಿ ಬಹಳ ಕಾಲವಾಯಿತು. ಕಚ್ಚಾ ಪುಡಿಯಲ್ಲಿ ಇಂಗಾಲ ಸಾರಜನಕದ 112 ಪಟ್ಟು ಇರುತ್ತದೆ, ಅದನ್ನು ಹಾಗೇ ಮಣ್ಣಿಗೆ ಹಾಕಿದರೆ ಗಿಡಕ್ಕೆ ಸಾರಜನಕ ಸಿಗದೆ ಹಳದಿಯಾಗುತ್ತದೆ. ಅಣಬೆಯಿಂದ ಕಳಿತ ಮೇಲೆ ಅದು ಸುಮಾರು 24ಕ್ಕೆ ಇಳಿಯುತ್ತದೆ. ಮೈದಾನದ ಮಣ್ಣಿಗೆ ಬೆರೆಸಿ ಎಂದು ನಾನು ಹೇಳಿದ್ದು ಈ ಕಳಿತ ಪುಡಿಯನ್ನು, ಹಸಿಯದನ್ನಲ್ಲ.

ಹಾಗಾಗಿ ಈ ಸಭೆಯ ಮುಂದೆ ಎರಡು ಕೋರಿಕೆ ಇಡುತ್ತೇನೆ. ಮೂರು ತಾಲ್ಲೂಕುಗಳ ನಾರಿನ ಕಾರ್ಖಾನೆಯವರು ಒಂದು ಕಡೆ ಕೂತು, ಪೀಣ್ಯದ ಸಂಸ್ಥೆಯವರನ್ನು ಕರೆಸಿ, ಅಂಗಳಕ್ಕೆ ಒಪ್ಪುವ ನಾರಿನ ಮಾದರಿ ತಯಾರಿಸಲಿ. ಆ ಮಾದರಿಗೆ ಬೆಲೆ ಕಟ್ಟುವಾಗ ಕಣದಲ್ಲಿ ನಾರು ಹರಡುವ ಹೆಂಗಸರಿಗೆ ಧೂಳು ತಡೆಯುವ ಒಳ್ಳೆಯ ಮುಖಗವಸು, ಧೂಳೆಳೆಯುವ ಫ್ಯಾನು ಇವುಗಳ ಖರ್ಚನ್ನೂ ಸೇರಿಸಲಿ. ಕೊಳ್ಳುವ ಕ್ಲಬ್ಬು ನಿಜವಾಗಿ ಹಸಿರಿನ ಮೇಲೆ ಮನಸ್ಸಿಟ್ಟಿದ್ದರೆ ಅದನ್ನು ಕೊಟ್ಟೇ ಕೊಳ್ಳಬೇಕು. ಇನ್ನೊಂದು ಕೋರಿಕೆ ಕಾಲೇಜುಗಳಿಗೆ. ನಿಮ್ಮ ಮೈದಾನದ ಒಂದು ಮೂಲೆಯಲ್ಲಿ, ಗೋಲು ಕಂಬದ ಮುಂದಿನ ಸವೆದ ಜಾಗವಾದರೂ ಸಾಕು, ಬರುವ ಮುಂಗಾರಿಗೆ ಮುಂಚೆ ಕಳಿತ ಪುಡಿ ಬೆರೆಸಿ ನೋಡಿ. ಪಕ್ಕದಲ್ಲಿ ಅಷ್ಟೇ ಜಾಗವನ್ನು ಹಾಗೇ ಬಿಡಿ. ವಾರಕ್ಕೊಮ್ಮೆ ಎರಡೂ ಕಡೆಯ ತೇವ, ಕಾವು, ಗರಿಕೆ ಹಬ್ಬಿದ ಅಳತೆಯನ್ನು ವಿದ್ಯಾರ್ಥಿಗಳೇ ಬರೆದಿಡಲಿ. ಮುಂದಿನ ವರ್ಷದ ದತ್ತಿ ಕಾರ್ಯಕ್ರಮಕ್ಕೆ ಆ ಪುಸ್ತಕ ಹಿಡಿದು ಬಂದು ಇದೇ ವೇದಿಕೆಯಲ್ಲಿ ಅವರು ಮಾತಾಡಲಿ. ಅದಕ್ಕೆ ಅವಕಾಶ ಮಾಡಿಕೊಡಬೇಕೆಂದು ದತ್ತಿ ದಾನಿಗಳನ್ನು ಕೇಳಿಕೊಳ್ಳುತ್ತೇನೆ.